ಪಾಠಲೋಪ

ನಮ್ಮ ಬಾಲ್ಯದಲ್ಲಿ ಮನೆಯ ಪಡಸಾಲೆಯೇ ಪಾಠಶಾಲೆಯಾಗಿದ್ದಿತು. ಬೆಳಕು ಹರಿಯುವುದಕ್ಕೆ ಮುಂಚೆ ತೀರ್ಥರೂಪರವರು ಮಣೆಯ ಮೇಲೆ ಬಂದು ಕುಳಿತರೆಂದರೆ, ನಾವೂ ನಮ್ಮ ಅಣ್ಣನೂ ಎದುರಿಗೆ ಕುಳಿತು ಸಂಥೆ ಹೇಳಿಕೊಳ್ಳಬೇಕು. ಅವರು ಒಂದಾವೃತ್ತಿ ಹೇಳುವರು. ನಾವು ಎರಡಾವೃತ್ತಿ ಹೇಳಬೇಕು. ನಡುವೆ ಒಂದು ಸ್ವರ ತಗ್ಗಿದರೂ, ಒಂದು ವಿಸರ್ಗ ಜಾರಿದರೂ ಅವರು ಬೈಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಬೆರಳೆತ್ತುವರು. ನಾವು ಮೊದಲಿನಿಂದ ಆರಂಭಿಸುವೆವು. ಪದಪಾಠ, ಕ್ರಮಪಾಠ, ಜಟಾಪಾಠ, ಘನಪಾಠ ಎಂದು ಪೂರ್ವಿಕರು ಒಂದೇ ಮಂತ್ರವನ್ನು ನಾನಾ ಬಗೆಯಾಗಿ ಹೆಣೆದಿಟ್ಟದ್ದು ಒಂದಕ್ಷರವೂ ಕಳೆದುಹೋಗಬಾರದೆಂಬ ಎಚ್ಚರದಿಂದ. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ಹೋಮ ಮಾಡಿದ ತ್ವಷ್ಟೃವಿಗೆ, ಒಂದು ಸ್ವರ ತಪ್ಪಿದ್ದರಿಂದ, ಇಂದ್ರನ ಕೈಯಲ್ಲೇ ಸಾಯತಕ್ಕ ಮಗನು ಹುಟ್ಟಿದನೆಂಬ ಕಥೆಯನ್ನು ಅವರು ನಮಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಇಂಥ ಶಿಸ್ತಿನಲ್ಲಿ ಬೆಳೆದ ನಾವು, ನಾಲ್ವತ್ತು ದಾಟಿದ ವಯಸ್ಸಿನಲ್ಲಿ, ಅಕ್ಷರವನ್ನಲ್ಲ, ಒಂದು ಇಡೀ ಪಾಠವನ್ನೇ ನುಂಗಿಬಿಟ್ಟು, ಶಾಲೆಯ ಪುಸ್ತಕದಲ್ಲಿ ‘ಸಂಪೂರ್ಣವಾಗಿದೆ’ ಎಂದು ಬರೆದು ರುಜು ಹಾಕಿದೆವು. ಆ ಪಾಠ ವೇದದ್ದಲ್ಲ, ಎಚ್.ಐ.ವಿ. ಸೋಂಕಿನಿಂದ ಮಕ್ಕಳು ತಮ್ಮನ್ನು ಕಾಪಾಡಿಕೊಳ್ಳುವ ಬಗೆಯದು. ಸಂಸಾರವಂದಿಗರು ಓದುವ ಪತ್ರಿಕೆಯಲ್ಲಿ ಈ ಹೆಸರನ್ನು ಕಂಡು ವಾಚಕರಲ್ಲಿ ಕೆಲವರು ಹಾಳೆ ಮಗುಚಬೇಕೆಂದುಕೊಳ್ಳಬಹುದು. ದಯವಿಟ್ಟು ಮಗುಚಬಾರದು. ಹಾಗೆ ಹಾಳೆ ಮಗುಚಿದ ಮೇಷ್ಟರೊಬ್ಬರ ಕಥೆಯೇ ಇದು.

2005ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರದ ವಿದ್ಯಾ ಇಲಾಖೆಯೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಕೂಡಿ ಹದಿಹರೆಯದವರ ಶಿಕ್ಷಣವೆಂಬ ಒಂದು ಕಾರ್ಯಕ್ರಮವನ್ನು ಆರಂಭಿಸಿದವು. ಒಂಬತ್ತನೆಯ ಮತ್ತು ಹನ್ನೊಂದನೆಯ ತರಗತಿಯ ಮಕ್ಕಳಿಗೆ 16 ಗಂಟೆಗಳ ಪಾಠ. ದೇಹದ ಬೆಳವಣಿಗೆ, ಮನಸ್ಸಿನ ಚಂಚಲತೆ, ಗೆಳೆಯರ ಒತ್ತಾಯ, ಬೇಡವೆನ್ನುವ ಧೈರ್ಯ, ಈ ಸೋಂಕು ಹರಡುವ ರೀತಿ, ಹರಡದ ರೀತಿ—ಇವೆಲ್ಲವೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ ಅದರಲ್ಲಿದ್ದವು. ನಮ್ಮ ಪ್ರೌಢಶಾಲೆಗೆ ಅದು ಬಂದದ್ದು 2006ರ ಮಳೆಗಾಲದಲ್ಲಿ. ವಿಜ್ಞಾನದ ಮೇಷ್ಟರು ತಮಗೆ ಪಾಠ ಮುಗಿಸುವುದೇ ಕಷ್ಟವೆಂದು ಜಾರಿಕೊಂಡರು. ಹೆಡ್ಮಾಸ್ತರು ನಮ್ಮ ಕಡೆ ತಿರುಗಿ, “ನೀವು ಸಂಸ್ಕೃತದ ಪಂಡಿತರು. ನೀವು ಹೇಳಿದರೆ ತಂದೆತಾಯಿಗಳು ಯಾರೂ ತಪ್ಪು ತಿಳಿಯೋದಿಲ್ಲ” ಎಂದರು. ನಮ್ಮ ಪಾಂಡಿತ್ಯಕ್ಕೆ ಅದಕ್ಕಿಂತ ಮೊದಲು ಅಂಥ ಉಪಯೋಗವನ್ನು ಯಾರೂ ಕಂಡುಹಿಡಿದಿರಲಿಲ್ಲ.

ಜಿಲ್ಲಾ ಕೇಂದ್ರದಲ್ಲಿ ಮೂರು ದಿನದ ತರಬೇತಿಯಾಯಿತು. ಕಲಿಸಿದವರು ಚೆನ್ನಾಗಿಯೇ ಕಲಿಸಿದರು. ಪಾಠಗಳ ಕ್ರಮವನ್ನು ಕೆಡಿಸಬಾರದು, ಯಾವುದನ್ನೂ ಬಿಡಬಾರದು, ಮುಖ್ಯವಾಗಿ, ಮಕ್ಕಳೇ ಎದ್ದು ನಿಂತು ಅಭಿನಯಿಸುವ ಭಾಗಗಳಿಗೆ ಬದಲಾಗಿ ಉಪನ್ಯಾಸವನ್ನು ಮಾಡಬಾರದು ಎಂದು ಒತ್ತಿ ಹೇಳಿದರು. ಅದರ ಕಾರಣವೂ ಸ್ಪಷ್ಟವಾಗಿತ್ತು. ಈಜುವ ವಿಧಾನವನ್ನು ದಡದ ಮೇಲೆ ಕುಳಿತು ಕೇಳಿದವನು ನೀರಿಗೆ ಬಿದ್ದಾಗ ಮುಳುಗುವನು. ರೋಗದ ಹೆಸರನ್ನು ಬಲ್ಲ ಹುಡುಗನಿಗೆ, ನಾಲ್ಕು ಜನ ಗೆಳೆಯರು ಕೈಹಿಡಿದು ಎಳೆಯುವಾಗ ‘ಒಲ್ಲೆ’ ಎನ್ನುವ ಮಾತು ಬಾಯಿಗೆ ಬರಬೇಕಾದರೆ, ಮೊದಲೇ ಹತ್ತು ಸಲ ಆಡಿ ಅಭ್ಯಾಸವಿರಬೇಕು. ಇದನ್ನೆಲ್ಲ ಕೇಳಿ ತಲೆದೂಗಿದೆವು. ಮೂರನೆಯ ದಿನ ಒಂದು ಕೈಪಿಡಿಯನ್ನೂ, ಬಣ್ಣದ ಚಿತ್ರಪಟಗಳ ಒಂದು ದೊಡ್ಡ ಕಟ್ಟನ್ನೂ ಕೈಗೆ ಕೊಟ್ಟು ಕಳುಹಿಸಿದರು. ಆಮೇಲೆ ಏನಾಯಿತೆಂದು ಕೇಳುವುದಕ್ಕೆ ಯಾರೂ ಬರಲಿಲ್ಲ.

ಮೊದಲ ಪಾಠಗಳು ಸೊಗಸಾಗಿ ನಡೆದವು. ಆಗಸ್ಟ್ ತಿಂಗಳಿನಲ್ಲಿ ಸೋಂಕಿನ ಪಾಠ ಬಂದಿತು. ತರಗತಿಯಲ್ಲಿ 58 ಮಕ್ಕಳು. ಒಂದು ಕಡೆ ಹುಡುಗರು, ಒಂದು ಕಡೆ ಹುಡುಗಿಯರು. ಚಿತ್ರಪಟದ ಮೊದಲ ಹಾಳೆಯನ್ನು ತಿರುಗಿಸುತ್ತಲೇ ಹಿಂದಿನ ಬೆಂಚಿನಿಂದ ಒಂದು ಕಿಸಕ್ಕೆಂಬ ಸದ್ದು ಕೇಳಿಸಿತು. ನಮ್ಮ ಕಿವಿ ಬಿಸಿಯಾಯಿತು. ಮುಂದಿನ ಮೂರು ಹಾಳೆಗಳನ್ನು ಒಟ್ಟಿಗೆ ಹಿಡಿದು ಮಗುಚಿದೆವು. ಅನಂತರ ಇಂದ್ರಿಯನಿಗ್ರಹದ ವಿಷಯವನ್ನು ಎತ್ತಿಕೊಂಡೆವು. ಯಯಾತಿಯ ಕಥೆಯನ್ನು ಹೇಳಿದೆವು. ಅದನ್ನು ಹೇಳುವುದರಲ್ಲಿ ನಮಗೆ ಸ್ವಲ್ಪ ಹೆಸರಿದೆ. ಮಕ್ಕಳು ಮೈಮರೆತು ಕೇಳಿದರು. ಅಭಿನಯದ ಭಾಗಕ್ಕೆ ಹೊತ್ತು ಉಳಿಯಲಿಲ್ಲ. ಉಳಿಯದಂತೆ ನೋಡಿಕೊಂಡೆವೆಂದರೆ ಸತ್ಯಕ್ಕೆ ಹತ್ತಿರವಾದೀತು.

ಕೊನೆಯಲ್ಲಿ ಪ್ರಶ್ನೆಗಳ ಪೆಟ್ಟಿಗೆಯೆಂಬುದೊಂದಿತ್ತು. ಬಾಯಿಬಿಟ್ಟು ಕೇಳಲು ನಾಚುವ ಮಕ್ಕಳು ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಬರೆದು ಹಾಕುವರು. ಉಪಾಧ್ಯಾಯರು ಒಂದೊಂದನ್ನಾಗಿ ತೆಗೆದು ಎಲ್ಲರಿಗೂ ಕೇಳುವಂತೆ ಉತ್ತರ ಹೇಳಬೇಕು. ನಮ್ಮ ಪೆಟ್ಟಿಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ನಾಲ್ಕು ಚೀಟಿಗಳು ಸುಗಮವಾಗಿ ಹೋದವು. ಐದನೆಯದರಲ್ಲಿ, “ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದಿರುವ ನಿರೋಧ್ ಎಂದರೆ ಏನು?” ಎಂದು ಇದ್ದಿತು. ಯೋಗಶಾಸ್ತ್ರದ ಪ್ರಸಂಗದಲ್ಲಿ ಇದೇ ಪದವನ್ನು ಸಾವಿರ ಸಲ ಉಚ್ಚರಿಸಿದ ನಮ್ಮ ನಾಲಗೆ ಅಂದು ಅಂಗಳಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ಡಬ್ಬಿಯ ಮುಚ್ಚಳ ಹಾಕಿ, “ಉಳಿದದ್ದು ಇನ್ನೊಂದು ದಿನ” ಎಂದು ಹೊರಕ್ಕೆ ಬಂದೆವು. ಡಬ್ಬಿಯನ್ನು ನಮ್ಮ ಬೀರುವಿನ ಮೇಲಿನ ಹಲಗೆಯಲ್ಲಿ ಇಟ್ಟೆವು. ಆ ‘ಇನ್ನೊಂದು ದಿನ’ ಬರಲಿಲ್ಲ. ವರದಿಯ ನಮೂನೆ ಬಂದಾಗ, ನಾವು ಮೇಲೆ ಹೇಳಿದಂತೆ, ಸಂಪೂರ್ಣವೆಂದು ಬರೆದೆವು. ಆ ನಮೂನೆಯಲ್ಲಿ ‘ಬಿಟ್ಟ ಭಾಗ ಯಾವುದು, ಏಕೆ’ ಎಂದು ಬರೆಯುವುದಕ್ಕೆ ಸ್ಥಳವಿರಲಿಲ್ಲವೆಂಬುದೂ ನಿಜ.

ಡಿಸೆಂಬರ್ ಒಂದನೆಯ ತಾರೀಖು ವಿಶ್ವ ಏಡ್ಸ್ ದಿನ. ಅದರ ನಿಮಿತ್ತ ತಾಲ್ಲೂಕು ಆಸ್ಪತ್ರೆಯ ಪರೀಕ್ಷಾಕೇಂದ್ರದ ಆಪ್ತಸಮಾಲೋಚಕಿಯೊಬ್ಬರು ನಮ್ಮ ಶಾಲೆಗೆ ಬಂದರು. ಮೂವತ್ತರ ಒಳಗಿನ ವಯಸ್ಸು, ಮೃದುವಾದ ಮಾತು. ಭಾಷಣ ಮುಗಿದ ಮೇಲೆ ನಮ್ಮ ಬಳಿಗೆ ಬಂದು, “ಪಾಠ ಹೇಗೆ ನಡೀತು, ಸರ್?” ಎಂದರು. “ಎಲ್ಲವೂ ಆಯಿತಮ್ಮ” ಎಂದೆವು. ಅವರು ನಕ್ಕು, “ಎಲ್ಲವೂ ಆಯಿತು ಅಂತ ಎಲ್ಲ ಶಾಲೆಯಲ್ಲೂ ಹೇಳ್ತಾರೆ. ಯಾವ ಚೀಟಿ ಕಷ್ಟವಾಯಿತು, ಅದನ್ನು ಹೇಳಿ. ಇಬ್ಬರೂ ಸೇರಿ ಉತ್ತರ ಹುಡುಕೋಣ” ಎಂದರು. ಆ ಮಾತಿನಲ್ಲಿ ತನಿಖೆಯ ಕಾವು ಸ್ವಲ್ಪವೂ ಇರಲಿಲ್ಲ. ತಪ್ಪಿದ ಸ್ವರಕ್ಕೆ ಬೈಯದೆ ಬೆರಳೆತ್ತುತ್ತಿದ್ದ ತೀರ್ಥರೂಪರವರ ನೆನಪಾಯಿತು. ಎದ್ದು ಹೋಗಿ ಡಬ್ಬಿಯನ್ನು ಕೆಳಗಿಳಿಸಿದೆವು.

ಒಳಗೆ ಏಳು ಚೀಟಿಗಳು ಉಳಿದಿದ್ದವು. ಮಡಿಕೆ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಆರು ಚೀಟಿಗಳು ಆ ವಯಸ್ಸಿನ ಕುತೂಹಲದವು. ಏಳನೆಯದರಲ್ಲಿ ಹೀಗಿತ್ತು: “ಆ ರೋಗ ಇರುವ ಅಮ್ಮನ ತಟ್ಟೆಯಲ್ಲಿ ಊಟ ಮಾಡಿದರೆ ಮಕ್ಕಳಿಗೆ ಬರುತ್ತದೆಯಾ? ಅಮ್ಮ ತಲೆಗೆ ಎಣ್ಣೆ ಹಚ್ಚಿದರೆ?”

ಇದರಲ್ಲಿ ಹೇಳಲು ನಾಚಬೇಕಾದದ್ದು ಏನಿತ್ತು? ಒಂದೇ ಒಂದು ಮಾತು ಸಾಕಾಗಿತ್ತು. ಜೊತೆಯಲ್ಲಿ ಉಣ್ಣುವುದರಿಂದ, ಮುಟ್ಟುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಸೊಳ್ಳೆ ಕಚ್ಚುವುದರಿಂದ ಈ ಸೋಂಕು ಬರುವುದಿಲ್ಲ. ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು, ತಾಯಿಯಿಂದ ಗರ್ಭದಲ್ಲಿಯೋ ಹೆರಿಗೆಯಲ್ಲಿಯೋ ಎದೆಹಾಲಿನ ಮೂಲಕವೋ ಶಿಶುವಿಗೆ—ಮುಖ್ಯವಾದ ಮಾರ್ಗಗಳು ಈ ನಾಲ್ಕು. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಇತ್ತು. ನಾವು ಒಟ್ಟಿಗೆ ಮಗುಚಿದ ಮೂರು ಹಾಳೆಗಳಲ್ಲಿ ಒಂದು ಇದೇ ಚಿತ್ರದ್ದಾಗಿದ್ದಿತು. ನಾಚಿಕೆ ಬಂದದ್ದು ಬೇರೆ ಮಾತಿಗೆ; ಅದು ಕೊಚ್ಚಿಕೊಂಡು ಹೋದದ್ದು ಈ ಮಾತನ್ನು.

ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣಿಗೆ ಮಕ್ಕಳ ಬರಹದ ಗುರುತು ಬೇಗ ಹತ್ತುತ್ತದೆ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡತೊಡಗಿದೆವು. ಆ ತಾಯಿ ತಟ್ಟನೆ ಅದನ್ನು ನಮ್ಮ ಕೈಯಿಂದ ತೆಗೆದುಕೊಂಡು ಮಗುಚಿಟ್ಟು, “ಯಾರದು ಅಂತ ಹುಡುಕಬೇಡಿ, ಸರ್. ಎಲ್ಲರಿಗೂ ಹೇಳಿ. ಅವರಿಗೆ ತಾನಾಗಿಯೇ ಮುಟ್ಟುತ್ತೆ” ಎಂದರು. ನಾವು ಇಪ್ಪತ್ತು ವರ್ಷ ಪಾಠ ಹೇಳಿ ಕಲಿಯದಿದ್ದ ಒಂದು ಉಪಾಧ್ಯಾಯಧರ್ಮವನ್ನು ಆಕೆ ಒಂದು ವಾಕ್ಯದಲ್ಲಿ ಕಲಿಸಿದರು.

ಮುಂದಿನ ವಾರ ಆ ಪಾಠವನ್ನು ಮತ್ತೆ ಮಾಡುವುದೆಂದು ನಿಶ್ಚಯವಾಯಿತು. ಅದರ ಹಿಂದಿನ ಸಂಜೆ, ಶಾಲೆ ಬಿಟ್ಟ ಮೇಲೆ, ಖಾಲಿಯಾದ ತರಗತಿಯಲ್ಲಿ ನಮ್ಮನ್ನು ಕರಿಹಲಗೆಯ ಮುಂದೆ ನಿಲ್ಲಿಸಿ, ಆಕೆಯೂ ನಮ್ಮ ಗಣಿತದ ಉಪಾಧ್ಯಾಯಿನಿಯೂ ಮುಂದಿನ ಬೆಂಚಿನಲ್ಲಿ ಕುಳಿತರು. “ಪುಸ್ತಕದಲ್ಲಿರುವ ಮಾತುಗಳನ್ನು ಗಟ್ಟಿಯಾಗಿ ಹೇಳಿ, ಸರ್” ಎಂದರು. ಮೊದಲನೆಯ ಸಲ ಗಂಟಲು ಕಟ್ಟಿತು. ಎರಡನೆಯ ಸಲ ಬೆವರಿತು. ಮೂರನೆಯ ಸಲಕ್ಕೆ ಆ ಪದಗಳು ರಾಮಶಬ್ದದ ವಿಭಕ್ತಿರೂಪಗಳಷ್ಟೇ ಸಾಧಾರಣವಾದವು. ಒಂದಾವೃತ್ತಿ ಕೇಳಿ ಎರಡಾವೃತ್ತಿ ಹೇಳುವ ಪದ್ಧತಿ ಬಾಲ್ಯದ ಮಂತ್ರಕ್ಕೆ ಮಾತ್ರವಲ್ಲ, ಪ್ರೌಢನ ನಾಚಿಕೆಗೂ ಔಷಧವೆಂದು ಆ ಸಂಜೆ ತಿಳಿಯಿತು.

ಮರುದಿನ ಆಕೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ನಡುವೆ ಬಾಯಿ ಹಾಕಲಿಲ್ಲ. ಯಾರೋ ಒಬ್ಬರು ನಮ್ಮ ಪಕ್ಷದವರು ಅಲ್ಲಿದ್ದಾರೆಂಬುದೇ ಸಾಕಾಗಿತ್ತು. ಒಂದು ಹಾಳೆಯನ್ನೂ ಹಾರಿಸಲಿಲ್ಲ. ಕಿಸಕ್ಕೆಂದವರು ಎರಡು ನಿಮಿಷಕ್ಕೆ ಸುಮ್ಮನಾದರು. ಉಪಾಧ್ಯಾಯರು ಕೆಂಪಾಗದಿದ್ದರೆ ಮಕ್ಕಳು ಹೆಚ್ಚು ಹೊತ್ತು ನಗಲಾರರು. ಹುಡುಗರೂ ಹುಡುಗಿಯರೂ ಎದ್ದು ನಿಂತು ಒತ್ತಾಯವನ್ನು ನಿರಾಕರಿಸುವ ಆಟವನ್ನು ಆಡಿದರು. ಅತ್ಯಂತ ಮೆತ್ತಗಿನ ಹುಡುಗಿಯೊಬ್ಬಳು ಎಷ್ಟು ಗಟ್ಟಿಯಾಗಿ “ಬೇಡ ಅಂದರೆ ಬೇಡ” ಎಂದಳೆಂದರೆ ಪಕ್ಕದ ತರಗತಿಯ ಮೇಷ್ಟರು ಇಣುಕಿ ನೋಡಿದರು. ಬಳಿಕ ಏಳು ಚೀಟಿಗಳಿಗೂ ಉತ್ತರ ಹೇಳಿದೆವು. ಏಳನೆಯದನ್ನು ಓದುವಾಗ ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿಯ ಹೊರಗಿನ ಹೊಂಗೆಯ ಮರವನ್ನು ನೋಡುತ್ತ, ಬರುವುದಿಲ್ಲ, ಖಂಡಿತವಾಗಿ ಬರುವುದಿಲ್ಲ ಎಂದು ಎರಡಾವೃತ್ತಿ ಹೇಳಿದೆವು. 2004ರ ಏಪ್ರಿಲಿನಿಂದ ಸರ್ಕಾರವೇ ಇದಕ್ಕೆ ಉಚಿತವಾಗಿ ಔಷಧಿ ಕೊಡುತ್ತಿರುವುದನ್ನೂ, ಅದನ್ನು ತಪ್ಪದೆ ಸೇವಿಸುವವರು ಬಹುಕಾಲ ಬಾಳಬಲ್ಲರೆಂಬುದನ್ನೂ ಹೇಳಿದೆವು.

2007ರಲ್ಲಿ ಚಿತ್ರಪಟಗಳ ವಿಷಯದಲ್ಲಿ ದೇಶದ ನಾನಾ ಕಡೆ ಆಕ್ಷೇಪಣೆಗಳೆದ್ದು, ನಮ್ಮದೂ ಸೇರಿ ಹಲವು ರಾಜ್ಯಗಳು ಆ ಪಾಠವನ್ನು ತಡೆದವು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ಅಭಿಪ್ರಾಯಪಟ್ಟಿತು. ಆಕ್ಷೇಪಿಸಿದವರನ್ನೆಲ್ಲ ನಾವು ಹಳಿಯಲಾರೆವು. ಅವರಲ್ಲಿ ಅನೇಕರು ಪಾಠವನ್ನು ಕಂಡವರಲ್ಲ, ಚಿತ್ರವನ್ನು ಮಾತ್ರ ಕಂಡವರು. ಕಾಣಿಸುವ ಕೆಲಸವನ್ನು ನಾವು ಮಾಡಿರಲಿಲ್ಲ. ಪಾಠಕ್ಕೆ ಮೊದಲು ತಂದೆತಾಯಿಗಳನ್ನು ಕರೆದು, ಇಂತಿಂಥದನ್ನು ಹೇಳುತ್ತೇವೆ, ಇಂಥ ಕಾರಣಕ್ಕೆ ಹೇಳುತ್ತೇವೆ ಎಂದು ತಿಳಿಸಿದ್ದರೆ ಅರ್ಧ ಸಂಶಯ ಅಲ್ಲಿಯೇ ಕರಗುತ್ತಿತ್ತು. ನಾವು ಚಿತ್ರಪಟದ ಕಟ್ಟಿಗೆ ದಾರ ಸುತ್ತಿ ಬೀರುವಿನಲ್ಲಿಟ್ಟೆವು.

2008ರ ಬೇಸಿಗೆಯಲ್ಲಿ, ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ, ಒಬ್ಬ ತಾಯಿ ಮಗನ ವರ್ಗಾವಣೆಯ ಪತ್ರವನ್ನು ತೆಗೆದುಕೊಳ್ಳಲು ಬಂದರು. (ಗುರುತು ಸಿಕ್ಕದಿರಲೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇವೆ.) ಗುಮಾಸ್ತರು ಪತ್ರ ಬರೆಯುವಷ್ಟರಲ್ಲಿ ಆಕೆ ನಾವು ಕುಳಿತಿದ್ದ ಕಡೆಗೆ ಬಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತು, ಮೆಲ್ಲಗೆ ಹೇಳಿದರು: “ನನಗಿರೋ ಕಾಯ್ಲೆ ಗೊತ್ತಾದ ಮೇಲೆ ನಮ್ಮತ್ತೆ ನನ್ನ ತಟ್ಟೆ ಲೋಟ ಬೇರೆ ಮಾಡಿದ್ರು, ಮೇಷ್ಟ್ರೇ. ಅದನ್ನ ನೋಡಿ ಮಗನೂ ಹೆದರಿಕೊಂಡ. ಎಷ್ಟೋ ತಿಂಗಳು ನನ್ನ ಕೈಯಿಂದ ಒಂದು ತುತ್ತು ತಗೊಳ್ಳಲಿಲ್ಲ. ಒಂದು ದಿನ ಇಸ್ಕೂಲಿಂದ ಬಂದೋನು ಸೀದಾ ನನ್ನ ತಟ್ಟೆಗೇ ಕೈ ಹಾಕ್ದ. ಮೇಷ್ಟ್ರು ಹೇಳಿದ್ರು, ಏನೂ ಆಗಲ್ಲ ಅಂದ. ನಿಮ್ಮ ಮಕ್ಕಳು ತಣ್ಣಗಿರಲಿ.” ಹಾಗೆಂದು ಕೈಮುಗಿದರು.

ನಾವೂ ಕೈಮುಗಿದೆವು. ಬಾಯಿ ತೆರೆಯಲಾಗಲಿಲ್ಲ. ಆಗಸ್ಟಿನಿಂದ ಡಿಸೆಂಬರಿನವರೆಗೆ ನಾಲ್ಕು ತಿಂಗಳು. ಅಷ್ಟು ದಿನವೂ ಆ ಹುಡುಗನ ಪ್ರಶ್ನೆ ನಮ್ಮ ತಲೆಯ ಮೇಲಿನ ಹಲಗೆಯಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಇದ್ದಿತು. ಆಕೆ ನಮಗೆ ಹರಸಿದ್ದು ಡಿಸೆಂಬರಿನ ಪಾಠಕ್ಕಾಗಿ. ಆಗಸ್ಟಿನ ಪಾಠಲೋಪ ಆಕೆಗೆ ತಿಳಿಯದು. ಅದನ್ನು ಅಂದು ಹೇಳಲಾರದೆ ಹೋದೆವು. ಇಂದು ಇಲ್ಲಿ ಹೇಳುತ್ತಿದ್ದೇವೆ. ಈ ಒಂದು ಚೀಟಿಯ ಫಲವೇನೋ ನಮಗೆ ತಿಳಿಯಿತು. ಚೀಟಿಯನ್ನೇ ಬರೆಯದ ಮಕ್ಕಳು, ಅಭಿನಯವಿಲ್ಲದೆ ಯಯಾತಿಯ ಕಥೆಯನ್ನು ಮಾತ್ರ ಕೇಳಿಕೊಂಡು ಮನೆಗೆ ಹೋದ ಹಿಂದುಮುಂದಿನ ಶಾಲೆಗಳ ಮಕ್ಕಳು, ಇವರ ಲೆಕ್ಕ ಯಾರ ಬಳಿ ಇದೆ?

ಈಚೆಗೆ ಬಹಾಮಾಸ್ ಎಂಬ ದ್ವೀಪರಾಜ್ಯದ ಸಂಗತಿಯನ್ನು ಓದಿದೆವು. ಅಲ್ಲಿ ಆರನೆಯ ತರಗತಿಯ ಮಕ್ಕಳಿಗೆ ಇಂಥದೇ ಒಂದು ಪಾಠಮಾಲೆಯನ್ನು ಸರ್ಕಾರಿ ಶಾಲೆಗಳಲ್ಲಿ ಉಪಾಧ್ಯಾಯರ ಮೂಲಕವೇ ನಡೆಸಿ, ವರ್ಷಗಟ್ಟಲೆ ಪರಿಶೀಲಿಸಿದ್ದಾರೆ. ತರಬೇತಿ ಪಡೆದ ಉಪಾಧ್ಯಾಯರೂ ಮುಖ್ಯ ಚಟುವಟಿಕೆಗಳಲ್ಲಿ ಹಲವನ್ನು ಬಿಡುತ್ತಿದ್ದರು. ಹೆಚ್ಚು ಭಾಗವನ್ನು ಯಥಾವತ್ತಾಗಿ ನಡೆಸಿದವರ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗುತ್ತಿತ್ತು. ವಿಷಯವನ್ನು ಸಂಕೋಚವಿಲ್ಲದೆ ಹೇಳಬಲ್ಲೆನೆಂಬ ಧೈರ್ಯವುಳ್ಳವರೇ ಹೆಚ್ಚು ಭಾಗವನ್ನು ನಡೆಸುತ್ತಿದ್ದರು. ಆದ್ದರಿಂದ ಅವರು ಎರಡು ವಾರಕ್ಕೊಮ್ಮೆ ಉಪಾಧ್ಯಾಯರನ್ನು ವಿಚಾರಿಸಿಕೊಳ್ಳುವ ಏರ್ಪಾಡನ್ನೂ, ಶಾಲೆಯಲ್ಲಿಯೇ ಪಾಠದಲ್ಲಿ ನುರಿತ ಒಬ್ಬರನ್ನು ಜೊತೆಗೊಡುವ ಏರ್ಪಾಡನ್ನೂ ಮಾಡಿ ನೋಡಿದರು. ಸಮುದ್ರದಾಚೆಯ ಮೇಷ್ಟರೂ ನಮ್ಮ ಹಾಗೆಯೇ ಹಾಳೆ ಮಗುಚುವರೆಂದು ತಿಳಿದು ಸಮಾಧಾನವಾಯಿತೆನ್ನಲಾರೆವು. ಆದರೆ ರೋಗ ಒಂದೇ ಆದಮೇಲೆ ಮದ್ದೂ ಒಂದೇ ಎಂಬುದು ದೃಢವಾಯಿತು.

ಯಥಾವತ್ತೆಂದರೆ ಗಿಳಿಪಾಠವಲ್ಲ. ಹರಿಕಥೆಯ ದಾಸರು ಊರಿಗೆ ತಕ್ಕಂತೆ ಉಪಕಥೆಗಳನ್ನು ಬದಲಿಸುವರು, ಮೂಲಕಥೆಯನ್ನು ಬದಲಿಸಲಾರರು. ಪಾಠದಲ್ಲಿನ ಹೆಸರುಗಳನ್ನು ನಮ್ಮೂರಿನವನ್ನಾಗಿ ಮಾಡಬಹುದು, ಗಾದೆಯನ್ನು ಸೇರಿಸಬಹುದು, ಯಯಾತಿಯನ್ನೂ ಕರೆತರಬಹುದು. ಆದರೆ ಅವನು ಪಾಠದ ಪಕ್ಕದಲ್ಲಿ ಕುಳಿತುಕೊಳ್ಳಬೇಕೇ ಹೊರತು ಅದರ ಪೀಠವನ್ನು ಆಕ್ರಮಿಸಬಾರದು.

ಈ ಮಾತನ್ನು ಈಗ ಎತ್ತಲು ಕಾರಣವುಂಟು. 2020ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಎಚ್.ಐ.ವಿ.ಯನ್ನು ತಡೆಗಟ್ಟುವ ವಿಷಯವೂ ಸೇರಿದೆ. ಪ್ರತಿ ಶಾಲೆಯಲ್ಲಿ ಇಬ್ಬರು ಉಪಾಧ್ಯಾಯರನ್ನು, ಸಾಧ್ಯವಾದರೆ ಒಬ್ಬ ಪುರುಷರನ್ನೂ ಒಬ್ಬ ಸ್ತ್ರೀಯನ್ನೂ, ಇದಕ್ಕಾಗಿ ಆರಿಸತಕ್ಕದ್ದೆಂದಿದೆ. ಈ ಸೋಂಕಿನೊಡನೆ ಬಾಳುತ್ತಿರುವವರು ನಮ್ಮ ದೇಶದಲ್ಲಿ ಸುಮಾರು 25 ಲಕ್ಷ. ಅವರನ್ನು ಭೇದದಿಂದ ಕಾಣುವುದನ್ನು ನಿಷೇಧಿಸುವ 2017ರ ಕಾನೂನು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. 1097 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಫೋನು ಮಾಡಿ ಯಾರು ಬೇಕಾದರೂ ವಿಚಾರಿಸಬಹುದು. ಗರ್ಭಿಣಿಗೆ ಸಕಾಲದಲ್ಲಿ ಪರೀಕ್ಷೆಯೂ ಔಷಧಿಯೂ ದೊರೆತರೆ ಶಿಶುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 5ಕ್ಕಿಂತ ಕೆಳಗಿಳಿಯುವುದು. ಇಷ್ಟೆಲ್ಲ ಅನುಕೂಲಗಳಿದ್ದೂ ಎಲ್ಲವೂ ಕಡೆಗೆ ಬಂದು ನಿಲ್ಲುವುದು ಕರಿಹಲಗೆಯ ಮುಂದೆ ನಿಂತ ಒಬ್ಬ ಉಪಾಧ್ಯಾಯರ ಗಂಟಲಿನಲ್ಲಿ.

ಆ ಗಂಟಲನ್ನು ಬಿಡಿಸುವುದು ಸುತ್ತೋಲೆಯಿಂದಾಗುವ ಕೆಲಸವಲ್ಲ. ಹೆಡ್ಮಾಸ್ತರು ಆಟದ ಪೀರಿಯಡ್ಡಿನ ಚೂರನ್ನಲ್ಲದೆ, ವೇಳಾಪಟ್ಟಿಯಲ್ಲಿ ಪೂರ್ಣವಾದ ಒಂದು ಗಂಟೆಯನ್ನು ಕೊಡಬೇಕು. ಬಿಟ್ಟದ್ದನ್ನು ಬಿಟ್ಟೆನೆಂದು ಬರೆದವರಿಗೆ ದಂಡನೆಯಾಗಬಾರದು, ನೆರವು ಬರಬೇಕು. ವಾಚಕರಾದ ತಂದೆತಾಯಿಗಳಿಗೂ ನಮ್ಮದೊಂದು ವಿಜ್ಞಾಪನೆ: ಮಗು ಮನೆಗೆ ಬಂದು, “ಇವತ್ತು ಮೇಷ್ಟ್ರು ಹೀಗೆ ಹೇಳಿದರು” ಎಂದರೆ ಮುಖ ಸಿಂಡರಿಸಬೇಡಿ. “ಇನ್ನೇನು ಹೇಳಿದರು?” ಎಂದು ಕೇಳಿ. ಆ ಪ್ರಶ್ನೆ ಮರುದಿನ ಶಾಲೆಗೆ ಹೋಗಿ ಉಪಾಧ್ಯಾಯರ ಬೆನ್ನಿಗೆ ನಿಲ್ಲುವುದು.

ನಿವೃತ್ತರಾದ ಮೇಲೆ ನಾವು ನಮ್ಮ ಸಾಲವನ್ನು ಸ್ವಲ್ಪಸ್ವಲ್ಪವಾಗಿ ತೀರಿಸುತ್ತಿದ್ದೇವೆ. ಸಮೀಪದ ಶಾಲೆಯ ಇಬ್ಬರು ಎಳೆಯ ಉಪಾಧ್ಯಾಯರು ಶನಿವಾರ ಸಂಜೆ ನಮ್ಮ ಮನೆಯ ಜಗುಲಿಗೆ ಬಂದು, ಮುಂದಿನ ವಾರದ ಪಾಠವನ್ನು ಗಟ್ಟಿಯಾಗಿ ಹೇಳಿ ಒಪ್ಪಿಸುತ್ತಾರೆ. ನಾವು ಶಿಷ್ಯರಾಗಿ ಕುಳಿತು ಚೀಟಿ ಬರೆದು ಕೊಡುತ್ತೇವೆ. ಮೊನ್ನೆ ಆ ತರುಣರು ಕಠಿಣವಾದ ಭಾಗಕ್ಕೆ ಬಂದಿದ್ದಾಗ ನಮ್ಮ ಮನೆಯವರು ಕಾಫಿಯ ಲೋಟಗಳನ್ನು ಹಿಡಿದು ಬಾಗಿಲಿಗೆ ಬಂದರು. ಅವರು ತಟಕ್ಕನೆ ಮಾತು ನಿಲ್ಲಿಸಿ ನೆಲ ನೋಡತೊಡಗಿದರು. ನಾವು ಅಭ್ಯಾಸಬಲದಿಂದ ಬೆರಳೆತ್ತಿದೆವು. ಆದರೆ ನಮಗಿಂತ ಮುಂಚೆ ನಮ್ಮ ಮನೆಯವರೇ ಹೊಸಿಲ ಮೇಲೆ ಕುಳಿತುಕೊಂಡು ಹೇಳಿದರು:

“ಯಾಕಪ್ಪ ನಿಲ್ಲಿಸಿಬಿಟ್ಟಿರಿ? ಮೊದಲಿಂದ ಹೇಳಿ. ನನಗೂ ತಿಳೀಲಿ.”